ಅಪ್ಪ ಹೋಗಿ 8 ತಿಂಗಳಾದರೂ ಅಮ್ಮ ಅಳುತ್ತಾರೆ, ಇದು ಸಹಜವಾ?

ಅಳು ಸಹಜವೇ. ದುಃಖ ಕಡಿಮೆಯಾಯಿತು ಅನ್ನುವಾಗ ಮತ್ತೆ ಉಕ್ಕುತ್ತದೆ. ಮಡಿಕೇರಿ ಕಡೆಯ ನಮ್ಮ ಮನೆಯಲ್ಲಿ ಅಜ್ಜ ತೀರಿಕೊಂಡ ವರ್ಷ, ಕಾಫಿ ಕೊಯ್ಲಿನ ಹೊತ್ತಿಗೆ ಅವರ ಗಂಬೂಟು ಕಂಡು ಅಜ್ಜಿ ಕೂತು ಅತ್ತರು. ಆಮೇಲೆ ಎದ್ದು ಕಣದಲ್ಲಿ ಕಾಫಿ ಹರಡಿದರು, ಕೆಲಸದವರ ಜೊತೆ ನಕ್ಕರು ಕೂಡ. ಈ ಬಿಡುವು ಅಮ್ಮನಿಗೂ ಸಿಗುತ್ತಿದೆಯಾ ನೋಡಿ.

6 ತಿಂಗಳು ದಾಟಿದರೂ ದಿನವಿಡೀ ಅದೇ ಹಂಬಲ, ಸಾವನ್ನು ಒಪ್ಪಲಾಗದಿರುವುದು, ಊಟ, ಮನೆಕೆಲಸ ಎಲ್ಲ ಕೆಟ್ಟಿರುವುದು ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದು ಚಿಕಿತ್ಸೆ ಬೇಕಾದ ಶೋಕ. ಹಾಗಿದ್ದರೆ ಸುಮ್ನೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಇವತ್ತೇ ಮಾಡಿ.