ಹೊಟ್ಟೆಯಲ್ಲಿರುವ ಮಗುವಿನ ಮೈಕೊಬ್ಬನ್ನು ಸ್ಕ್ಯಾನ್‌ನಲ್ಲಿ ಅಳೆಯಬಹುದಾ?

ಹೆಂಡತಿಗೆ 32 ವಾರ, ಗರ್ಭಿಣಿಯಾದ ಮೇಲೆ ಶುಗರ್ ಬಂದಿದೆ, ಸ್ಕ್ಯಾನ್‌ನಲ್ಲಿ ಮಗು 2.2 ಕೆಜಿ ಅಂದಿದ್ದಾರೆ, ಅದರಲ್ಲಿ ಕೊಬ್ಬೆಷ್ಟು, ಎಂಆರ್‌ಐ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಆ 2.2 ಕೆಜಿ ತೂಗಿದ್ದಲ್ಲ, ಲೆಕ್ಕ ಹಾಕಿದ್ದು. ತಲೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಸೂತ್ರಕ್ಕೆ ಹಾಕಿದಾಗ ಬಂದ ಅಂಕಿ. ಶೇ 10ರಷ್ಟು ಆಚೀಚೆ ಆಗುವುದು ಮಾಮೂಲು. ಕೊಬ್ಬನ್ನೂ ಸ್ನಾಯುವನ್ನೂ ಬೇರೆ ಮಾಡುವ ಅಳತೆ ಅದರಲ್ಲಿಲ್ಲ.

ಅಲ್ಟ್ರಾಸೌಂಡ್‌ನಲ್ಲೇ ನೋಡುವುದಾದರೆ, ಹೊಟ್ಟೆಯ ಸುತ್ತಳತೆ ತೆಗೆಯುವ ಚಿತ್ರದಲ್ಲೇ ಮುಂಭಾಗವನ್ನು ದೊಡ್ಡದು ಮಾಡಿ, ಚರ್ಮದ ಹೊರ ಅಂಚಿನಿಂದ ಕೊಬ್ಬಿನ ಒಳ ಅಂಚಿನವರೆಗೆ ಅಳೆಯುತ್ತಾರೆ. ಅದರ ಕೆಳಗಿನ ಕಪ್ಪು ಪಟ್ಟಿ ಸ್ನಾಯು, ಅದನ್ನು ಸೇರಿಸಬಾರದು. ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಪದರವೇ 5 ಮಿ.ಮೀ. ಇದ್ದರೆ ಅರ್ಧ ಮಿ.ಮೀ. ತಪ್ಪು ಅಂದರೂ ಶೇ 10! ಪ್ರೋಬ್ (ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನ್ ಸಾಧನ) ಒತ್ತಿದರೆ ಪದರ ಇನ್ನೂ ತೆಳುವಾಗಿ ಕಾಣುತ್ತದೆ.

ಎಂಆರ್‌ಐ ಇದಕ್ಕಿಂತ ನಿಖರ. ನೀರಿನ ಮತ್ತು ಕೊಬ್ಬಿನ ಹೈಡ್ರೋಜನ್ ಸಂಕೇತಗಳ ಆವರ್ತನ ಬೇರೆ ಬೇರೆ, 1.5 ಟೆಸ್ಲಾ (ಕಾಂತದ ಬಲದ ಅಳತೆ) ಯಂತ್ರದಲ್ಲಿ ಅಂತರ ಸುಮಾರು 220 ಹರ್ಟ್ಜ್. ಎರಡು ಸಂಕೇತಗಳೂ ಒಂದಕ್ಕೊಂದು ವಿರುದ್ಧವಾದಾಗ (ಸುಮಾರು 2.3 ಮಿಲಿಸೆಕೆಂಡಿಗೆ) ಒಂದು ಚಿತ್ರ, ಮತ್ತೆ ಜೊತೆಯಾದಾಗ (4.6ಕ್ಕೆ) ಇನ್ನೊಂದು. ಎರಡನ್ನೂ ಕೂಡಿದರೆ ನೀರು, ಕಳೆದರೆ ಕೊಬ್ಬು. ಇದು ಡಿಕ್ಸನ್ ವಿಧಾನ. ತಾಯಿಯನ್ನು ಎಡಕ್ಕೆ ವಾಲಿಸಿ ಮಲಗಿಸುತ್ತಾರೆ, 15–20 ಸೆಕೆಂಡು ಉಸಿರು ಹಿಡಿಸುತ್ತಾರೆ. ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ.

ತೊಡಕು ಇಲ್ಲೇ. ತಾಯಿಗೆ ಉಸಿರು ಹಿಡಿಯಿರಿ ಅನ್ನಬಹುದು, ಮಗುವಿಗೆ ಯಾರು ಹೇಳಬೇಕು? ಅದು ಒಂದು ಸಲ ಕಾಲು ಝಾಡಿಸಿದರೂ ಚಿತ್ರ ಮಸುಕು. ಕೆಲವೊಮ್ಮೆ ಸಾಫ್ಟ್‌ವೇರೇ ನೀರನ್ನು ಕೊಬ್ಬೆಂದು ಅದಲುಬದಲು ಮಾಡುತ್ತದೆ. 4 ಮಿ.ಮೀ. ದಪ್ಪದ ಸ್ಲೈಸ್‌ನಲ್ಲಿ (ಎಂಆರ್‌ಐ ಒಂದು ಸಲಕ್ಕೆ ತೋರಿಸುವ ಹೋಳು) 3 ಮಿ.ಮೀ. ಕೊಬ್ಬಿನ ಪದರ ಪಕ್ಕದ ನೀರಿನ ಜೊತೆ ಬೆರೆತುಹೋಗುತ್ತದೆ. ಜೊತೆಗೆ ಭ್ರೂಣದ ಕೊಬ್ಬಿನ ಅಂಗಾಂಶದಲ್ಲಿ ದೊಡ್ಡವರಿಗಿಂತ ನೀರು ಹೆಚ್ಚು. ಹಾಗಾಗಿ ಪದರದ ಗಾತ್ರವನ್ನೇ ಕೊಬ್ಬೆನ್ನುವಂತಿಲ್ಲ: ಗಾತ್ರ 200 ಮಿಲಿ, ಕೊಬ್ಬಿನ ಪಾಲು ಅರ್ಧ ಅಂದುಕೊಳ್ಳಿ, ಸಾಂದ್ರತೆ 0.9 ಹಿಡಿದರೆ ಬರುವುದು 90 ಗ್ರಾಂ. 28 ವಾರಕ್ಕೆ ಮುಂಚೆ ಮಾಡಿದರೆ ಕೊಬ್ಬಿನ ಚಿತ್ರದಲ್ಲಿ ಹೆಚ್ಚೇನೂ ಕಾಣುವುದಿಲ್ಲ.

ತೂಕವೊಂದನ್ನೇ ನಂಬಬಾರದು ಅನ್ನುವ ನಿಮ್ಮ ಅನುಮಾನ ಮಾತ್ರ ಸರಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳ ಚರ್ಮದ ಮಡಿಕೆಯನ್ನು ಕ್ಯಾಲಿಪರ್‌ನಲ್ಲಿ (ಚಿಮಟದಂಥ ಅಳತೆ ಸಾಧನ) ಅಳೆದಾಗ, ಮಕ್ಕಳು ಚಿಕ್ಕವಾಗಿದ್ದರೂ ಬೆನ್ನಿನ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ.

ಆದರೂ ಇದಕ್ಕೆಂದೇ ಎಂಆರ್‌ಐ ಮಾಡಿಸಬೇಡಿ, ಅದು ಸದ್ಯಕ್ಕೆ ಸಂಶೋಧನೆಯ ಸಾಧನ. 2–3 ವಾರ ಬಿಟ್ಟು ಗ್ರೋತ್ ಸ್ಕ್ಯಾನ್ ಮಾಡುವಾಗ ಹೊಟ್ಟೆಯ ಸುತ್ತಳತೆ ಯಾವ ಪರ್ಸೆಂಟೈಲ್‌ನಲ್ಲಿದೆ (ಅಷ್ಟೇ ವಾರದ ನೂರು ಮಕ್ಕಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಿಟ್ಟರೆ ಎಷ್ಟನೆಯದು) ಅಂತ ಕೇಳಿ. ತಲೆಯ ಅಳತೆ ತನ್ನ ಗೆರೆಯಲ್ಲೇ ಇದ್ದು ಹೊಟ್ಟೆ ಮಾತ್ರ ಮೇಲೇರುತ್ತಿದ್ದರೆ, ಆ ವರದಿಯನ್ನೂ ಶುಗರ್ ಬರೆದಿಟ್ಟ ಚೀಟಿಯನ್ನೂ ಹಿಡಿದು ಡಾಕ್ಟರ ಹತ್ತಿರ ಹೋಗಿ.