ಪ್ರೈವೇಟ್ ಯೂನಿವರ್ಸಿಟೀಲಿ ಚಾನ್ಸಲರ್, ವಿಸಿ, ರಿಜಿಸ್ಟ್ರಾರ್ ಇಷ್ಟೆಲ್ಲಾ ಜನ ಇರ್ತಾರಲ್ಲ, ನಿಜವಾಗ್ಲೂ ನಡೆಸೋದು ಯಾರು?

ಸಾರ್, ನೀವು ಕೇಳಿರೋದು ಇಷ್ಟು: ಮಗಳಿಗೆ ಬೆಂಗಳೂರಲ್ಲಿ ಒಂದು ಪ್ರೈವೇಟ್ ಯೂನಿವರ್ಸಿಟೀಲಿ ಬಿಟೆಕ್ ಸೀಟ್ ಆಗಿದೆ, ಬ್ರೋಷರ್ ತೆಗೆದ್ರೆ ಚಾನ್ಸಲರ್, ಪ್ರೊ ಚಾನ್ಸಲರ್, ವಿಸಿ, ಪ್ರೊ ವಿಸಿ, ರಿಜಿಸ್ಟ್ರಾರ್, ಡೀನ್‌ಗಳು ಅಂತ ಸಾಲಾಗಿ ಫೋಟೋ ಇದೆ, ಇವರಲ್ಲಿ ಯಾರ ಮಾತು ನಡೆಯುತ್ತೆ, ನಾಳೆ ಏನಾದ್ರೂ ತೊಂದ್ರೆ ಆದ್ರೆ ಹಾಸನದಿಂದ ಬಂದು ಯಾರ ಬಾಗಿಲು ತಟ್ಟಬೇಕು ಅಂತ. ನಾನು ಒಂದು ಖಾಸಗಿ ವಿವಿಯ ರಿಜಿಸ್ಟ್ರಾರ್ ಆಫೀಸಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೀನಿ, ಅದರಲ್ಲಿ ಆರು ವರ್ಷ ಬರೀ ಎಕ್ಸಾಮ್ ಸೆಕ್ಷನ್. ಈಗ ಅಲ್ಲಿಲ್ಲ. ಯಾವ ವಿವಿ ಅಂತ ಹೇಳಲ್ಲ, ಆದ್ರೆ ಕಂಡಿದ್ದನ್ನ ಇದ್ದ ಹಾಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳಿ. ಸರ್ಕಾರಿ ವಿವಿಗಳಲ್ಲಿ, ಅಂದ್ರೆ ಮೈಸೂರು, ಧಾರವಾಡ, ಮಂಗಳೂರು ಇಂಥ ಕಡೆ, ರಾಜ್ಯಪಾಲರೇ ಕುಲಾಧಿಪತಿ, ಅಂದ್ರೆ ಚಾನ್ಸಲರ್, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ, ಅಂದ್ರೆ ಪ್ರೊ ಚಾನ್ಸಲರ್. ಖಾಸಗಿ ವಿವೀಲಿ ಹಾಗಲ್ಲ. ನಮ್ಮ ರಾಜ್ಯದಲ್ಲಿ ಒಂದೊಂದು ಖಾಸಗಿ ವಿವಿಗೂ ವಿಧಾನಮಂಡಲದಲ್ಲಿ ಒಂದೊಂದು ಪ್ರತ್ಯೇಕ ಕಾಯ್ದೆ ಆಗಿರುತ್ತೆ. ಅಜೀಂ ಪ್ರೇಮ್‌ಜಿ ವಿವಿ, ಅಲಯನ್ಸ್ ವಿವಿ ಎರಡರದ್ದೂ 2010ರ ಕಾಯ್ದೆ, ಅದಾದ್ಮೇಲೆ ಸಾಲಾಗಿ ಬಂದ್ವು. ಇಲ್ಲಿ ರಾಜ್ಯಪಾಲರು ಬರೀ ವಿಸಿಟರ್, ಘಟಿಕೋತ್ಸವಕ್ಕೆ ಬಂದ್ರೆ ಅಧ್ಯಕ್ಷತೆ ವಹಿಸ್ತಾರೆ. ಕುಲಾಧಿಪತಿ ಅನ್ನೋರು ಹಣ ಹಾಕಿ ವಿವಿ ಕಟ್ಟಿದ ಟ್ರಸ್ಟ್ ಅಥವಾ ಸೊಸೈಟಿ ಕಡೆಯೋರು. ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ ಅಕಾಡೆಮಿ ಇವೆಲ್ಲ ಡೀಮ್ಡ್ ವಿವಿಗಳು, ಅಂದ್ರೆ ರಾಜ್ಯದ ಕಾಯ್ದೆ ಇಲ್ಲದೇ ಯುಜಿಸಿ (ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ ಮೂರನೇ ಸೆಕ್ಷನ್ ಕೆಳಗೆ ವಿವಿ ಸ್ಥಾನ ಪಡೆದೋವು, ಆದ್ರೆ ಈ ವಿಷಯದಲ್ಲಿ ಅಲ್ಲೂ ಅದೇ ಕಥೆ. ಜೆಎಸ್‌ಎಸ್‌ಗೆ ಸುತ್ತೂರು ಶ್ರೀಗಳು, ಕೆಎಲ್‌ಇಗೆ ಪ್ರಭಾಕರ ಕೋರೆಯವರು, ಮಣಿಪಾಲಕ್ಕೆ ಪೈ ಮನೆತನದ ರಾಮದಾಸ್ ಪೈ ಅವರು. ಇದರಲ್ಲಿ ತಪ್ಪೇನಿಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದ ಆ ಬೋಳುಗುಡ್ಡದ ಮೇಲೆ ಕಸ್ತೂರಬಾ ಮೆಡಿಕಲ್ ಕಾಲೇಜ್ ಶುರು ಮಾಡದೇ ಇದ್ದಿದ್ರೆ 1993ರಲ್ಲಿ ಡೀಮ್ಡ್ ಆಗೋಕೆ ಅಲ್ಲಿ ಏನೂ ಇರ್ತಿರ್ಲಿಲ್ಲ. ಕಟ್ಟಿದೋರಿಗೆ ಆ ಕುರ್ಚಿ ಸಿಗೋದು ಸಹಜ.

ಪ್ರತ್ಯೇಕ ಕಾಯ್ದೆ ಯಾಕೆ ಮುಖ್ಯ ಅಂದ್ರೆ, ಛತ್ತೀಸ್‌ಗಢದಲ್ಲಿ 2002ರಲ್ಲಿ ಒಂದೇ ಕಾಯ್ದೆ ಮಾಡಿ ಬರೀ ಗೆಜೆಟ್ ನೋಟಿಫಿಕೇಷನ್‌ನಲ್ಲೇ ನೂರಕ್ಕೂ ಹೆಚ್ಚು ಖಾಸಗಿ ವಿವಿ ಹುಟ್ಟಿಸಿಬಿಟ್ಟಿದ್ರು, ಎಷ್ಟಕ್ಕೋ ಕಟ್ಟಡವೂ ಇರ್ಲಿಲ್ಲ. ಪ್ರೊಫೆಸರ್ ಯಶ್‌ಪಾಲ್ ಅವರು ಕೋರ್ಟ್‌ಗೆ ಹೋದ್ರು, 2005ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ ಅವನ್ನೆಲ್ಲಾ ರದ್ದು ಮಾಡ್ತು. ಅದಕ್ಕೇ ಫೀಸ್ ಕಟ್ಟೋ ಮುಂಚೆ ಯುಜಿಸಿ ವೆಬ್‌ಸೈಟಲ್ಲಿ ಸ್ಟೇಟ್ ಪ್ರೈವೇಟ್ ಯೂನಿವರ್ಸಿಟಿ ಲಿಸ್ಟಲ್ಲಿ ಹೆಸರು ಇದ್ಯಾ ನೋಡ್ಕೊಳ್ಳಿ, ಎರಡು ನಿಮಿಷದ ಕೆಲಸ.

ಈಗ ಯಾರು ಏನ್ ಮಾಡ್ತಾರೆ ಅನ್ನೋದಕ್ಕೆ ಬರ್ತೀನಿ. ಕುಲಾಧಿಪತಿಗಳು ದುಡ್ಡು, ಜಾಗ, ಹೊಸ ಕ್ಯಾಂಪಸ್, ದೊಡ್ಡ ನೇಮಕಾತಿ ಇದನ್ನ ನೋಡ್ತಾರೆ. ಪ್ರೊ ಚಾನ್ಸಲರ್ ಅಂದ್ರೆ ಬಹಳ ಕಡೆ ಮಗ, ಮಗಳು, ಅಳಿಯ, ಮುಂದೆ ಆ ಕುರ್ಚೀಲಿ ಕೂರೋರು, ಕೆಲವು ಕಡೆ ಹಿರಿಯ ಡಾಕ್ಟ್ರೋ ಪ್ರೊಫೆಸರೋ ಇರ್ತಾರೆ. ವಿಸಿ, ಅಂದ್ರೆ ಕುಲಪತಿ, ಓದು-ಪಾಠ-ಸಂಶೋಧನೆ ಪೂರ್ತಿ ಜವಾಬ್ದಾರಿ. ಯುಜಿಸಿಯ 2018ರ ನಿಯಮದ ಪ್ರಕಾರ ವಿಸಿ ಆಗೋಕೆ ಕನಿಷ್ಠ ಹತ್ತು ವರ್ಷ ಪ್ರೊಫೆಸರ್ ಆಗಿರಬೇಕು, ಇಲ್ಲಾ ಹೆಸರಾಂತ ಸಂಸ್ಥೇಲಿ ಅಷ್ಟೇ ವರ್ಷ ಸಂಶೋಧನೆ, ಆಡಳಿತ ಮಾಡಿರಬೇಕು. ಆಮೇಲೆ ರಿಜಿಸ್ಟ್ರಾರ್, ಕನ್ನಡದಲ್ಲಿ ಕುಲಸಚಿವರು, ವಿವಿಯ ಎಲ್ಲಾ ದಾಖಲೆ ಅವರ ಕೈಲಿ, ಆರ್ಡರ್ ಹೊರಡೋದು ಅವರ ಸಹಿಯಿಂದ. ಪರೀಕ್ಷೆಗೆ ಬೇರೆ ಒಬ್ರು, ರಿಜಿಸ್ಟ್ರಾರ್ ಇವ್ಯಾಲ್ಯುಯೇಷನ್ ಅಂತಾನೋ ಕಂಟ್ರೋಲರ್ ಆಫ್ ಎಕ್ಸಾಮಿನೇಷನ್ಸ್ ಅಂತಾನೋ ಕರೀತಾರೆ. ಫೈನಾನ್ಸ್ ಆಫೀಸರ್ ಒಬ್ರು. ವಿಸಿ ಕೆಳಗೆ ಡೀನ್‌ಗಳು.

ನಿಮ್ಮ ಮಗಳ ನಾಲ್ಕು ವರ್ಷ ನಿಂತಿರೋದು ಬ್ರೋಷರಲ್ಲಿ ಸಣ್ಣ ಫೋಟೋ ಇರೋ ಆ ಎಕ್ಸಾಮ್‌ನ ರಿಜಿಸ್ಟ್ರಾರ್ ಮೇಲೆ. ಒಂದು ಉದಾಹರಣೆ ಹೇಳ್ತೀನಿ. ನಮ್ಮಲ್ಲಿ ರಾಯಚೂರು ಕಡೆಯ ಒಂದು ಹುಡುಗಿ, ಕೊನೇ ಸೆಮಿಸ್ಟರ್, ಕ್ಯಾಂಪಸ್ ಸೆಲೆಕ್ಷನ್ ಆಗಿ ಜುಲೈನಲ್ಲಿ ಜಾಯಿನ್ ಆಗಬೇಕಿತ್ತು, ಮಾರ್ಕ್ಸ್ ಕಾರ್ಡಲ್ಲಿ ಒಂದು ಪೇಪರ್ ಮುಂದೆ ಆಬ್ಸೆಂಟ್ ಅಂತ ಬಂತು. ಅವಳು ಪರೀಕ್ಷೆ ಬರೆದಿದ್ಲು. ಡಿಪಾರ್ಟ್‌ಮೆಂಟ್‌ಗೆ ಹೋದ್ರೆ ಎಚ್‌ಒಡಿ ನೋಡೋಣ ಅಂದ್ರು, ಡೀನ್ ಹತ್ರ ಹೋದ್ರೆ ಎಕ್ಸಾಮ್ ಸೆಕ್ಷನ್ ಕೇಳಿ ಅಂದ್ರು, ಸೆಕ್ಷನ್ ಕೌಂಟರಲ್ಲಿ ಸಪ್ಲಿಮೆಂಟರಿ ಕಟ್ಟಮ್ಮ ಅಂತ ಕಳಿಸಿದ್ರು. ನಮ್ಮ ಸೆಕ್ಷನ್‌ನವರೇ ಹೇಳಿದ್ದು ಅದು, ಇವತ್ತಿಗೂ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ಅವಳ ಅಪ್ಪ ಯಾರದ್ದೋ ಪರಿಚಯ ಹಿಡ್ಕೊಂಡು ಚಾನ್ಸಲರ್ ಮನೆ ಬಾಗಿಲಿಗೂ ಹೋಗಿ ಬಂದಿದ್ರು. ಅವರು ಪಾಪ ಒಳ್ಳೇ ಮಾತಾಡಿ ಕಳಿಸಿದ್ರು, ಆದ್ರೆ ಆ ಮಾತು ಯಾವ ಫೈಲಿಗೂ ಹತ್ತಲಿಲ್ಲ. ಹೀಗೇ ಮೂರು ವಾರ ಹೋಯ್ತು.

ಕೊನೆಗೆ ನಾನೇ ಅವಳನ್ನ ಕೂರಿಸಿ ಒಂದು ಅರ್ಜಿ ಬರೆಸಿದೆ, ಪರೀಕ್ಷೆ ದಿನಾಂಕ, ರೂಮ್ ನಂಬರ್, ಸೀಟ್ ನಂಬರ್, ಪಕ್ಕ ಕೂತಿದ್ದೋರು ಯಾರು ಅಂತೆಲ್ಲಾ ಸೇರಿಸಿ. ಇನ್‌ವರ್ಡ್ ಸೀಲ್, ಅಂದ್ರೆ ಅರ್ಜಿ ಬಂದಿದೆ ಅನ್ನೋ ಮುದ್ರೆ, ಹಾಕಿ ನಂಬರ್ ಕೊಟ್ಟು ರಿಜಿಸ್ಟ್ರಾರ್ ಇವ್ಯಾಲ್ಯುಯೇಷನ್ ಟೇಬಲ್ ಮೇಲೆ ಇಟ್ಟೆ. ಅವರು ಓದಿ ಒಂದೇ ಮಾತು ಕೇಳಿದ್ರು, ಆ ರೂಮಿನ ಅಟೆಂಡೆನ್ಸ್ ಶೀಟ್ ಎಲ್ಲಿದೆ. ಪರೀಕ್ಷೆ ಹಾಲಲ್ಲಿ ಮಕ್ಕಳು ಆನ್ಸರ್ ಬುಕ್‌ಲೆಟ್ ನಂಬರ್ ಬರೆದು ಸಹಿ ಹಾಕೋ ಹಾಳೆ ಅದು. ಸ್ಟ್ರಾಂಗ್ ರೂಮಿಂದ ಕಟ್ಟು ತರಿಸಿದ್ರು, ದಾರ ಬಿಚ್ಚಿ ನೋಡಿದ್ರೆ ಅವಳ ಸಹಿ ಇತ್ತು, ನೀಲಿ ಇಂಕಲ್ಲಿ, ಬುಕ್‌ಲೆಟ್ ನಂಬರ್ ಸಮೇತ. ಅಂದ್ರೆ ಉತ್ತರಪತ್ರಿಕೆ ಎಲ್ಲೋ ಇದೆ. ಸಂಜೆ ಆರರಿಂದ ಒಂಬತ್ತರವರೆಗೆ ಅವರೂ ನಮ್ಮ ಜೊತೆ ನೆಲದ ಮೇಲೆ ಕೂತು ಕಟ್ಟುಗಳನ್ನ ಬಿಚ್ಚಿದ್ರು, ಬೇರೆ ಸಬ್ಜೆಕ್ಟ್‌ನ ಕಟ್ಟೊಳಗೆ ಕೋಡಿಂಗ್ (ವ್ಯಾಲ್ಯುಯೇಷನ್‌ಗೆ ಮುಂಚೆ ಹಾಕೋ ಗುಪ್ತ ನಂಬರ್) ಆಗದೇ ಹಾಗೇ ಉಳಿದಿತ್ತು. ಮಾರನೇ ದಿನ ವ್ಯಾಲ್ಯುಯೇಷನ್, ನಾಲ್ಕನೇ ದಿನ ತಿದ್ದಿದ ಮಾರ್ಕ್ಸ್ ಕಾರ್ಡ್, ಅರವತ್ತೊಂದು ಮಾರ್ಕ್ಸ್. ಅವಳು ಕೆಲಸಕ್ಕೆ ಸೇರಿದ್ಲು. ಆ ಸಾರ್ ಫೋಟೋ ಯಾವ ಹೋರ್ಡಿಂಗ್‌ನಲ್ಲೂ ನಾನು ನೋಡಿಲ್ಲ.

ಅಧಿಕಾರದ ವಿಷಯಕ್ಕೆ ಬಂದ್ರೆ, ಕಾಗದದ ಮೇಲೆ ಬೋರ್ಡ್ ಆಫ್ ಗವರ್ನರ್ಸ್, ಬೋರ್ಡ್ ಆಫ್ ಮ್ಯಾನೇಜ್‌ಮೆಂಟ್, ಅಕಾಡೆಮಿಕ್ ಕೌನ್ಸಿಲ್ ಎಲ್ಲಾ ಇರುತ್ತೆ. ಆದ್ರೆ ವಿವಿ ಹೇಗಿದೆ ಅಂತ ಗೊತ್ತಾಗೋದು ಒಂದೇ ಕಡೆ, ಕಟ್ಟಿದ ಮನೆಯೋರು ಒಂದು ಕೇಳಿದಾಗ ವಿಸಿ ಆಗಲ್ಲ ಅನ್ನಬಹುದಾ, ಅಂದ್ಮೇಲೂ ಆ ಕುರ್ಚೀಲಿ ಇರ್ತಾರಾ. ನನ್ನ ಕಣ್ಣ ಮುಂದೆ ನಡೆದಿದ್ದು: ಟ್ರಸ್ಟಿ ಒಬ್ಬರ ಸಂಬಂಧಿಕರ ಹುಡುಗ, ಅಟೆಂಡೆನ್ಸ್ ನಲವತ್ತೂ ದಾಟಿಲ್ಲ, ಹಾಲ್ ಟಿಕೆಟ್ ಕೊಡಿ ಅಂತ ಮೇಲಿಂದ ಫೋನ್ ಬಂತು. ಅದೇ ಸೆಮಿಸ್ಟರ್ ಶಾರ್ಟೇಜ್ ಅಂತ ಇಪ್ಪತ್ತು ಚಿಲ್ಲರೆ ಮಕ್ಕಳನ್ನ ಡೀಟೇನ್ ಮಾಡಿದ್ವಿ. ವಿಸಿ ಫೈಲ್ ತರಿಸಿ ತಮ್ಮ ಕೈಯಾರೆ ಹಸಿರು ಇಂಕಲ್ಲಿ ಬರೆದ್ರು, ನಿಯಮದಲ್ಲಿ ಅವಕಾಶ ಇಲ್ಲ ಅಂತ, ಕೆಳಗೆ ಸಹಿ, ತಾರೀಖು. ಆ ಫೈಲ್ ವಾಪಸ್ ತಗೊಂಡ್ ಬಂದಿದ್ದು ನಾನು. ಅವರ ಅವಧಿ ಇನ್ನೂ ಒಂದೂವರೆ ವರ್ಷ ಇತ್ತು, ಎರಡೇ ತಿಂಗಳಲ್ಲಿ ವೈಯಕ್ತಿಕ ಕಾರಣ ಅಂತ ಬಿಟ್ಟು ಹೋದ್ರು. ಬೀಳ್ಕೊಡುಗೆ ಕೂಡ ಇರ್ಲಿಲ್ಲ. ಆಮೇಲೆ ಬಂದೋರು ಫೋನಲ್ಲೇ ಹೂಂ ಅನ್ನೋರು, ಫೈಲಲ್ಲಿ ಏನೂ ಬರೀತಿರ್ಲಿಲ್ಲ, ಕೆಳಗೆ ಸಹಿ ಮಾಡೋ ನಮ್ಮಂಥೋರಿಗೆ ಎದೆ ಢವಢವ.

ಇದು ಚಿಕ್ಕ ವಿವಿಗಳ ಕಥೆ ಮಾತ್ರ ಅನ್ಕೋಬೇಡಿ. ಹರಿಯಾಣದ ಸೋನಿಪತ್‌ನಲ್ಲಿರೋ ಅಶೋಕ ಯೂನಿವರ್ಸಿಟಿ ದೇಶದಲ್ಲೇ ಹೆಸರು ಮಾಡಿರೋದು, ಅಲ್ಲಿ ಪ್ರತಾಪ್ ಭಾನು ಮೆಹ್ತಾ ವಿಸಿ ಆಗಿದ್ರು, 2019ರಲ್ಲಿ ಆ ಹುದ್ದೆ ಬಿಟ್ಟು ಬರೀ ಪ್ರೊಫೆಸರ್ ಆಗಿ ಉಳಿದ್ರು. 2021ರ ಮಾರ್ಚ್‌ನಲ್ಲಿ ಅದಕ್ಕೂ ರಾಜೀನಾಮೆ ಕೊಟ್ರು, ಸ್ಥಾಪಕರ ಜೊತೆ ಮಾತಾಡಿದ್ಮೇಲೆ ನಾನಿಲ್ಲಿರೋದು ಸಂಸ್ಥೆಗೆ ರಾಜಕೀಯವಾಗಿ ಹೊರೆ ಅಂತ ಸ್ಪಷ್ಟ ಆಯ್ತು ಅನ್ನೋ ಅರ್ಥದಲ್ಲಿ ಪತ್ರ ಬರೆದಿದ್ರು. ಅವರ ಹಿಂದೇನೇ ಅರ್ಥಶಾಸ್ತ್ರಜ್ಞ ಅರವಿಂದ್ ಸುಬ್ರಮಣಿಯನ್ ಕೂಡ ಬಿಟ್ರು. ಅಷ್ಟು ದೊಡ್ಡೋರಿಗೇ ಹೀಗಾದ್ರೆ ಉಳಿದ ಕಡೆ ವಿಸಿ ಬೆನ್ನಿಗೆ ಯಾರಿರ್ತಾರೆ ಹೇಳಿ.

ಹಾಗಂತ ಮನೆತನದೋರು ಇದ್ದಲ್ಲೆಲ್ಲಾ ಕೆಟ್ಟದ್ದು ಅಂತಲ್ಲ, ಹೊರಗಿನ ವಿಸಿಗೆ ಪೂರ್ತಿ ಅಧಿಕಾರ ಬಿಟ್ಟುಕೊಟ್ಟು, ದುಡ್ಡು ಬೇಕಾದಾಗ ಮಾತ್ರ ಮುಂದೆ ಬರೋ ಕುಲಾಧಿಪತಿಗಳೂ ಇದಾರೆ. ನೀವು ಕ್ಯಾಂಪಸ್‌ಗೆ ಹೋದಾಗ ಹೀಗೆ ಪತ್ತೆ ಮಾಡಬಹುದು: ಕಳೆದ ಹತ್ತು ವರ್ಷದಲ್ಲಿ ಎಷ್ಟು ಜನ ವಿಸಿ ಆಗಿ ಹೋದ್ರು ಅಂತ ಸೀನಿಯರ್ ಮಕ್ಕಳನ್ನೋ ಹಳೇ ಲೆಕ್ಚರರ್‌ಗಳನ್ನೋ ಕೇಳಿ. ಸಾಮಾನ್ಯವಾಗಿ ಒಬ್ಬರ ಅವಧಿ ಮೂರರಿಂದ ಐದು ವರ್ಷ ಇರುತ್ತೆ, ವರ್ಷಕ್ಕೊಬ್ರು ಬದಲಾಗಿದ್ರೆ ಯೋಚನೆ ಮಾಡಿ. ರಿಜಿಸ್ಟ್ರಾರ್ ಕುರ್ಚೀಲಿ ಇನ್‌ಚಾರ್ಜ್, ಅಂದ್ರೆ ಹಂಗಾಮಿ, ಅಂತ ಬೋರ್ಡ್ ಎಷ್ಟು ವರ್ಷದಿಂದ ಇದೆ ಅಂತಾನೂ ನೋಡಿ. ನ್ಯಾಕ್ (ಕಾಲೇಜು, ವಿವಿಗಳ ಗುಣಮಟ್ಟ ಅಳೆಯೋ ರಾಷ್ಟ್ರೀಯ ಸಂಸ್ಥೆ) ಗ್ರೇಡ್ ಒಂದನ್ನೇ ನಂಬಬೇಡಿ, 2025ರ ಫೆಬ್ರವರೀಲಿ ಗ್ರೇಡ್‌ಗೆ ಲಂಚ ಅನ್ನೋ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದೋರನ್ನೂ ಆಂಧ್ರದ ಒಂದು ಡೀಮ್ಡ್ ವಿವಿಯೋರನ್ನೂ ಸಿಬಿಐ ಹಿಡ್ಕೊಂಡು ಹೋಗಿತ್ತು.

ಇನ್ನು ಯಾರ ಬಾಗಿಲು ಅನ್ನೋದು. ಚಾನ್ಸಲರ್ ಮನೆ ಹುಡುಕ್ಕೊಂಡು ಹೋಗಬೇಡಿ ಸಾರ್. ಮಾರ್ಕ್ಸ್, ರಿಸಲ್ಟ್ ವಿಷಯ ಆದ್ರೆ ರಿಜಿಸ್ಟ್ರಾರ್ ಇವ್ಯಾಲ್ಯುಯೇಷನ್, ಟಿಸಿ, ಸರ್ಟಿಫಿಕೇಟ್, ಹಾಸ್ಟೆಲ್ ಆದ್ರೆ ರಿಜಿಸ್ಟ್ರಾರ್, ಯಾವುದೇ ಆದ್ರೂ ಬರವಣಿಗೇಲಿ. ಎರಡು ಕಾಪಿ ಒಯ್ಯಿರಿ, ಒಂದರ ಮೇಲೆ ಇನ್‌ವರ್ಡ್ ಸೀಲ್ ಮತ್ತೆ ನಂಬರ್ ಹಾಕಿಸ್ಕೊಂಡು ವಾಪಸ್ ತಗೊಳ್ಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಾಲ್ಕು ವರ್ಷ ನಮ್ಮ ಹತ್ರಾನೇ ಇರಲಿ ಅಂದ್ರೆ ಒಪ್ಪಬೇಡಿ, 2018ರಲ್ಲೇ ಯುಜಿಸಿ ಹೇಳಿದೆ, ಒರಿಜಿನಲ್ ನೋಡಿ ವಾಪಸ್ ಕೊಡಬೇಕು, ಇಟ್ಕೊಳ್ಳೋ ಹಾಗಿಲ್ಲ. ಕೇಳಿದ್ರೂ ಆಗ್ಲಿಲ್ಲ ಅಂದ್ರೆ ಯುಜಿಸಿಯ 2023ರ ನಿಯಮದ ಪ್ರಕಾರ ಪ್ರತಿ ಸಂಸ್ಥೇಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ದೂರು ಬಂದ ಹದಿನೈದು ಕೆಲಸದ ದಿನದೊಳಗೆ ವರದಿ ಕೊಡಬೇಕು. ಅಲ್ಲೂ ನ್ಯಾಯ ಸಿಗಲಿಲ್ಲ ಅಂದ್ರೆ ಮತ್ತೆ ಹದಿನೈದು ದಿನದೊಳಗೆ ಓಂಬಡ್ಸ್‌ಪರ್ಸನ್‌ಗೆ, ಅಂದ್ರೆ ವಿದ್ಯಾರ್ಥಿಗಳ ದೂರಿನ ಮೇಲ್ಮನವಿ ಕೇಳೋ ಅಧಿಕಾರಿಗೆ, ಮೇಲ್ಮನವಿ, ಅವರು ನಿವೃತ್ತ ವಿಸಿಯೋ ಪ್ರೊಫೆಸರೋ ಜಿಲ್ಲಾ ನ್ಯಾಯಾಧೀಶರೋ ಆಗಿರ್ತಾರೆ. ಈ ಓಂಬಡ್ಸ್‌ಪರ್ಸನ್ ಹೆಸರು, ಇಮೇಲ್ ಅಡ್ಮಿಷನ್ ದಿನಾನೇ ಕೇಳಿ ಬರ್ಕೊಳ್ಳಿ. ಕೌಂಟರಲ್ಲಿ ಕೂತೋರು ಹಾಗಂದ್ರೇನು ಅಂತ ನಿಮ್ಮ ಮುಖ ನೋಡಿದ್ರೆ ಆ ವಿವಿ ಬಗ್ಗೆ ಅಲ್ಲೇ ಅರ್ಧ ಗೊತ್ತಾಗುತ್ತೆ.

ಸೀಲ್ ಹಾಕಲ್ಲ ಅಂತ ಹಠ ಮಾಡಿದ್ರೆ ಜಗಳ ಆಡಬೇಡಿ, ಅದೇ ಅರ್ಜೀನ ರಿಜಿಸ್ಟ್ರಾರ್ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನವಾಗಿ ಇಟ್ಕೊಳ್ಳಿ, ಜೊತೆಗೆ ಒಂದು ಇಮೇಲ್ ಹಾಕಿ. ಮಗಳಿಗೂ ಹೇಳಿಕೊಡಿ, ಪ್ರತಿ ಪರೀಕ್ಷೇಲೂ ಅಟೆಂಡೆನ್ಸ್ ಶೀಟಲ್ಲಿ ಸಹಿ ಹಾಕೋ ಮುಂಚೆ ಬುಕ್‌ಲೆಟ್ ನಂಬರ್ ಸರಿ ಇದ್ಯಾ ನೋಡ್ಕೊಂಡು, ಹಾಲಿಂದ ಹೊರಗೆ ಬಂದ ತಕ್ಷಣ ಆ ನಂಬರ್ ಮೊಬೈಲಲ್ಲಿ ಬರ್ಕೊಳ್ಳೋಕೆ.