23 ಪಂದ್ಯಕ್ಕೆ ಮೂರು ವರ್ಷ: ಫೇರ್ಸ್ ಕಪ್ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ಹಳೆಯ ಯುರೋಪಿಯನ್ ಫುಟ್‌ಬಾಲ್ ಟೂರ್ನಿಗಳ ಪಟ್ಟಿ ಮಾಡುತ್ತಿದ್ದೇನೆ. ಇಂಟರ್ ಸಿಟೀಸ್ ಫೇರ್ಸ್ ಕಪ್‌ನ ಮೊದಲ ಆವೃತ್ತಿಯ ಮುಂದೆ ‘1955–58’ ಎಂದಿದೆ. ಇಷ್ಟು ದೀರ್ಘ ಏಕೆ? ಫೈನಲ್‌ನಲ್ಲಿ ಸೋತ ‘ಲಂಡನ್’ ಯಾವ ಕ್ಲಬ್?

ಉತ್ತರ: ಲಂಡನ್ ಕ್ಲಬ್ಬೇ ಅಲ್ಲ, ಆ ನಗರದ ಆಯ್ದ ತಂಡ. ಫುಟ್‌ಬಾಲ್ ಆಡಳಿತಗಾರರಾದ ಅರ್ನ್ಸ್ಟ್ ಥಾಮನ್, ಒಟ್ಟೊರಿನೊ ಬರಾಸ್ಸಿ ಮತ್ತು ಸ್ಟ್ಯಾನ್ಲಿ ರೌಸ್ ಇದನ್ನು ಕಟ್ಟಿದ್ದು ಅಂತರರಾಷ್ಟ್ರೀಯ ವಾಣಿಜ್ಯ ಮೇಳ ನಡೆಸುವ ನಗರಗಳಿಗಾಗಿ. ಪ್ರವೇಶ ನಗರದ ಹೆಸರಿನಲ್ಲಿ, ಒಂದು ನಗರಕ್ಕೆ ಒಂದೇ ತಂಡ. ಬರ್ಮಿಂಗ್‌ಹ್ಯಾಮ್ ಸಿಟಿ, ಮಿಲಾನ್‌ನ ಇಂಟರ್, ಲೊಸಾನ್ ಕ್ಲಬ್‌ಗಳಾಗಿಯೇ ಆಡಿದವು. ಲಂಡನ್ ತಂಡವನ್ನು ಚೆಲ್ಸಿಯ ಅಧ್ಯಕ್ಷ ಜೋ ಮಿಯರ್ಸ್ ಹಲವು ಕ್ಲಬ್‌ಗಳಿಂದ ಆಟಗಾರರನ್ನು ಆರಿಸಿ ಕಟ್ಟುತ್ತಿದ್ದರು. ತವರಿನಲ್ಲೊಂದು, ಹೊರಗೊಂದು ಎಂದು ಎರಡು ಪಂದ್ಯಗಳಿದ್ದ ಫೈನಲ್‌ನ ಮೊದಲ ಪಂದ್ಯದಲ್ಲಿ ಲಂಡನ್ ಪರ ಗೋಲು ಹೊಡೆದ ಜಿಮ್ಮಿ ಗ್ರೀವ್ಸ್ ಚೆಲ್ಸಿಯವರು, ಪೆನಾಲ್ಟಿ ಹೊಡೆದ ಜಿಮ್ ಲ್ಯಾಂಗ್ಲಿ ಫುಲ್‌ಹ್ಯಾಮ್‌ನವರು. ನಿಮ್ಮ ಪಟ್ಟಿಯಲ್ಲಿ ‘ಲಂಡನ್ ಆಯ್ದ ತಂಡ’ ಎಂದೇ ಬರೆಯಿರಿ.

ತಡವಾದದ್ದೂ ಇದರಿಂದಲೇ. ಪಂದ್ಯದ ದಿನ ಮೇಳದ ದಿನಾಂಕಕ್ಕೆ ಹೊಂದಬೇಕು, ಎರಡೂ ದೇಶಗಳ ಲೀಗ್ ವೇಳಾಪಟ್ಟಿಗೆ ಅಡ್ಡ ಬರಬಾರದು, ಆಯ್ದ ತಂಡವಾದರೆ ಪ್ರತಿ ಕ್ಲಬ್ಬೂ ತನ್ನ ಆಟಗಾರನನ್ನು ಬಿಟ್ಟುಕೊಡಬೇಕು. ಮೂರೂ ಕೂಡಿಬರುವ ದಿನ ಅಪರೂಪ. ಹೆಸರು ಕೊಟ್ಟ 12 ನಗರಗಳಲ್ಲಿ ವಿಯೆನ್ನಾ, ಕೊಲೋನ್ ಹಿಂದೆ ಸರಿದವು. ಹಾಗಾಗಿ ಮೂರು ತಂಡಗಳ ನಾಲ್ಕು ಗುಂಪುಗಳಲ್ಲಿ ಎರಡಕ್ಕೆ ಎರಡೆರಡೇ ತಂಡ ಉಳಿದವು. ಬಾರ್ಸಿಲೋನಾ ಕೋಪನ್‌ಹೇಗನ್ ಒಂದನ್ನೇ ಎದುರಿಸಿ ಸೆಮಿಫೈನಲ್ ಸೇರಿತು. 1955ರ ಜೂನ್ 4ರಂದು ಬಾಸೆಲ್‌ನಲ್ಲಿ ಲಂಡನ್ 5–0 ಗೆದ್ದಾಗ ಶುರುವಾದದ್ದು ಮುಗಿದದ್ದು 1958ರ ಮೇ 1ಕ್ಕೆ. ಒಟ್ಟು 23 ಪಂದ್ಯ. ಫೈನಲ್‌ನ ಎರಡು ಪಂದ್ಯಗಳ ನಡುವೆಯೇ 57 ದಿನ: ಮಾರ್ಚ್ 5ರಂದು ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ 2–2, ಆಮೇಲೆ ಬಾರ್ಸಿಲೋನಾದಲ್ಲಿ ಆತಿಥೇಯರಿಗೆ 6–0. ಅಷ್ಟು ದೊಡ್ಡ ಅಂತರಕ್ಕೆ ಕಾದದ್ದೇ ದಂಡ!

ಎರಡನೆಯ ಆವೃತ್ತಿಗೂ ಎರಡು ವರ್ಷ ಹಿಡಿಯಿತು. 1960–61ರಿಂದ ಮಾತ್ರ ಪ್ರತಿ ಋತುವಿಗೊಂದು.

ಪ್ರಶ್ನೆ: ಸೆಮಿಫೈನಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ 4–3, ಬಾರ್ಸಿಲೋನಾ 1–0. ಒಟ್ಟು 4–4. ಎದುರಾಳಿಯ ನೆಲದಲ್ಲಿ ಮೂರು ಗೋಲು ಹೊಡೆದ ಬಾರ್ಸಿಲೋನಾ ನೇರ ಗೆಲ್ಲಬೇಕಿತ್ತಲ್ಲ?

ಉತ್ತರ: ನಿಮ್ಮ ಲೆಕ್ಕ ಸರಿ, ಕಾಲ ತಪ್ಪು. ಹೊರಗಿನ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮ ಯುರೋಪಿಗೆ ಬಂದದ್ದು 1965–66ರಲ್ಲಿ, ಅದೂ ಮೊದಲು ದೇಶಗಳ ಕಪ್ ವಿಜೇತರ ಟೂರ್ನಿಯಾದ ಕಪ್ ವಿನ್ನರ್ಸ್ ಕಪ್‌ನಲ್ಲಿ. ಅಲ್ಲಿಯವರೆಗೆ ಸಮವಾದರೆ ಬೇರೆ ಊರಿನಲ್ಲಿ ಮೂರನೆಯ ಪಂದ್ಯ. ಇಲ್ಲಿ ಅದು ಬಾಸೆಲ್‌ನಲ್ಲಿ ನಡೆದು ಬಾರ್ಸಿಲೋನಾ 2–1 ಗೆದ್ದಿತು. ಐವತ್ತರ ದಶಕದ ಫಲಿತಾಂಶಗಳನ್ನು ಆಮೇಲೆ ಬಂದ ನಿಯಮದಲ್ಲಿ ಅಳೆದು ‘ತಪ್ಪು’ ತಿದ್ದಲು ಹೋಗಬೇಡಿ. ಮೂರನೆಯ ಪಂದ್ಯಕ್ಕೆ ಪಟ್ಟಿಯಲ್ಲಿ ಬೇರೆ ಕಾಲಂ ಇಡಿ.

ಪ್ರಶ್ನೆ: 1967–68ರ ಇಂಗ್ಲಿಷ್ ಲೀಗ್‌ನಲ್ಲಿ ಹತ್ತನೆಯದಾದ ನ್ಯೂಕ್ಯಾಸಲ್‌ಗೆ ಫೇರ್ಸ್ ಕಪ್‌ನಲ್ಲಿ ಜಾಗ ಸಿಕ್ಕಿದ್ದು ಹೇಗೆ? ಈ ಕಪ್ಪನ್ನು ಯುಇಎಫ್ಎ (ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ) ಟ್ರೋಫಿ ಎಂದು ಎಣಿಸಬಹುದೇ?

ಉತ್ತರ: ಮೇಲಿನಿಂದ ಒಂದೊಂದೇ ಅಳಿಸುತ್ತ ಬನ್ನಿ. ಮೊದಲೆರಡು ಸ್ಥಾನದ ಮ್ಯಾಂಚೆಸ್ಟರ್ ತಂಡಗಳು ಬೇರೆಯ ಟೂರ್ನಿಯಾದ ಯುರೋಪಿಯನ್ ಕಪ್‌ಗೆ ಹೋದವು. ಒಂದು ನಗರಕ್ಕೆ ಒಂದೇ ತಂಡ ಎಂಬ ನಿಯಮದಿಂದ, ಲಿವರ್‌ಪೂಲ್ ಒಳಗೆ ಬಂದದ್ದರಿಂದ ಅದೇ ನಗರದ ಎವರ್ಟನ್ ಹೊರಗೆ. ಚೆಲ್ಸಿ ಲಂಡನ್ನಿನ ಪಾಲು ಹಿಡಿದದ್ದರಿಂದ ಟಾಟನ್‌ಹ್ಯಾಮ್, ಆರ್ಸೆನಲ್ ಎರಡೂ ಹೊರಗೆ. ಎಂಟನೆಯ ವೆಸ್ಟ್ ಬ್ರಾಮ್‌ವಿಚ್ ಎಫ್ಎ ಕಪ್ ಗೆದ್ದು ಕಪ್ ವಿನ್ನರ್ಸ್ ಕಪ್‌ಗೆ ಹೋಗಿತ್ತು. ಉಳಿದದ್ದು ಲಿವರ್‌ಪೂಲ್, ಲೀಡ್ಸ್, ಚೆಲ್ಸಿ, ನ್ಯೂಕ್ಯಾಸಲ್. ಹೀಗೆ ನುಸುಳಿ ಬಂದ ನ್ಯೂಕ್ಯಾಸಲ್ಲೇ 1969ರಲ್ಲಿ ಹಂಗೆರಿಯ ಉಯ್‌ಪೆಶ್ತ್ ತಂಡವನ್ನು ಒಟ್ಟು 6–2ರಿಂದ ಸೋಲಿಸಿ ಕಪ್ ಎತ್ತಿತು.

ಎರಡನೆಯದಕ್ಕೆ ಉತ್ತರ: ಬೇಡ. ಟೂರ್ನಿ ಯುಇಎಫ್ಎ ಕೈಯಲ್ಲಿರಲಿಲ್ಲ, ಅದು ತನ್ನ ಅಧಿಕೃತ ದಾಖಲೆಯಲ್ಲಿ ಇದನ್ನು ಸೇರಿಸುವುದೂ ಇಲ್ಲ. 1971–72ರಲ್ಲಿ ಇದರ ಜಾಗಕ್ಕೆ ಯುಇಎಫ್ಎ ಕಪ್ ಬಂತು. ಬಾರ್ಸಿಲೋನಾದ 1958, 1960, 1966ರ ಗೆಲುವುಗಳನ್ನು ಪ್ರತ್ಯೇಕ ಸಾಲಿನಲ್ಲಿಡಿ. 1971ರ ಸೆಪ್ಟೆಂಬರ್ 22ರಂದು ಬಾರ್ಸಿಲೋನಾ ಲೀಡ್ಸನ್ನು 2–1ರಿಂದ ಸೋಲಿಸಿದ್ದು ಮಾತ್ರ ನಾಲ್ಕನೆಯ ಪ್ರಶಸ್ತಿಯಲ್ಲ: ಹಳೆಯ ಟ್ರೋಫಿ ಶಾಶ್ವತವಾಗಿ ಯಾರ ಬಳಿ ಇರಬೇಕೆಂದು ನಿರ್ಧರಿಸಲು ಮೊದಲ ಮತ್ತು ಕೊನೆಯ ವಿಜೇತರ ನಡುವೆ ಆಡಿಸಿದ ಒಂದೇ ಪಂದ್ಯ ಅದು.